ಬದನೆಕಾಯಿ ಮೆತ್ತಗೆ ಬೇಯುವ ಬಗೆ

ಬದನೆಕಾಯಿಯ ತೂಕದಲ್ಲಿ ಸುಮಾರು ಶೇ 92 ಭಾಗ ನೀರು. ಆದರೂ ಕಾಯಿ ಕೈಗೆ ಹಗುರ. ತಿರುಳಿನ ಜೀವಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿರುವುದೇ ಇದಕ್ಕೆ ಕಾರಣ. ಹಸಿ ಹೋಳನ್ನು ನೇರವಾಗಿ ಬಾಣಲೆಗೆ ಹಾಕಿದರೆ ಈ ಸಂದುಗಳು ಸ್ಪಂಜಿನಂತೆ ಎಣ್ಣೆ ಹೀರುತ್ತವೆ. ಹೋಳಿನ ಹೊರಗೆಲ್ಲ ಜಿಡ್ಡು, ಒಳಗೆ ಮಾತ್ರ ಅರೆಬೆಂದ ತಿರುಳು. ಒಗ್ಗರಣೆಗೆ ಮೊದಲೇ ಗಾಳಿಯ ಸಂದುಗಳು ಕುಸಿದರೆ ಎಣ್ಣೆಯೂ ಉಳಿಯುತ್ತದೆ, ಕಾಯಿಯೂ ಬೆಣ್ಣೆಯಷ್ಟು ಮೆತ್ತಗಾಗುತ್ತದೆ.

ಚೀನೀ ಅಡುಗೆಯಲ್ಲಿ ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಉಪ್ಪು. ಹೋಳುಗಳಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಜೀವಕೋಶಗಳ ನೀರು ಹೊರಬಂದು ತಿರುಳು ಕುಗ್ಗುತ್ತದೆ. ಹಿಂಡಿ ಒರೆಸಿ ಬಳಸಬೇಕು. ಎರಡನೆಯದು ಹಬೆ. ಬೆರಳಗಾತ್ರದ ಹೋಳುಗಳು ಇಡ್ಲಿ ಪಾತ್ರೆಯ ಹಬೆಯಲ್ಲಿ 10ರಿಂದ 15 ನಿಮಿಷಕ್ಕೆ ಬೇಯುತ್ತವೆ. ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಈ ಬಿಸಿಗೆ ಕರಗುತ್ತದೆ. ಮೂರನೆಯದು, ಚೆನ್ನಾಗಿ ಕಾದ ಎಣ್ಣೆಯಲ್ಲಿ ಸ್ವಲ್ಪ ಹೊತ್ತು ಕರಿದು ಬಸಿಯುವುದು. ಸಿಪ್ಪೆಯ ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ನೀರಿನಲ್ಲಿ ಕರಗುವ ವಸ್ತು. ನೀರಲ್ಲಿ ಕುದಿಸಿದ ಕಾಯಿ ಮಂಕಾಗುವುದೂ ಕರಿದದ್ದು ಹೊಳಪು ಉಳಿಸಿಕೊಳ್ಳುವುದೂ ಇದರಿಂದಲೇ.

ಹುಳಿಗೆ ಹೊತ್ತು ನೋಡಬೇಕು. ಆಮ್ಲೀಯ ರಸದಲ್ಲಿ ಪೆಕ್ಟಿನ್ ಬೇಗ ಕರಗದು. ಸಿಚುವಾನ್ ಪ್ರಾಂತ್ಯದ ಬದನೆ ಪಲ್ಯಕ್ಕೆ ಶುಂಠಿ, ಬೆಳ್ಳುಳ್ಳಿ, ಹುಳಿಸಿದ ಮೆಣಸಿನಕಾಯಿ, ಸೋಯಾ ಸಾಸ್ ಬಿದ್ದು, ವಿನೆಗರ್ ಕೊನೆಗೆ ಬೀಳುವುದು ಈ ಕಾರಣಕ್ಕೂ ಸರಿಯಾದ ಕ್ರಮ.

ಧಾರವಾಡ ಜಿಲ್ಲೆಯ ಎರೆಸೀಮೆಯ ಅಡುಗೆಯೂ ಇದೇ ಕೆಲಸವನ್ನು ತನ್ನದೇ ರೀತಿಯಲ್ಲಿ ಮಾಡುತ್ತದೆ. ನವಲಗುಂದ ತಾಲ್ಲೂಕಿನ ಮೊರಬದಂಥ ಊರುಗಳಲ್ಲಿ ಜೋಳದ ರೊಟ್ಟಿಗೆ ಜೋಡಿ ಎಣ್ಣೆಗಾಯಿ. ತೊಟ್ಟು ಉಳಿಸಿ ನಾಲ್ಕು ಸೀಳು ಮಾಡಿದ ಎಳೆ ಬದನೆಗೆ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಖಾರದ ಪುಡಿಯ ಹೂರಣ ತುಂಬುತ್ತಾರೆ. ಸಣ್ಣ ಉರಿಯ ಮೇಲೆ ಪಾತ್ರೆಗೆ ನೀರು ಹಾಕಿದ ತಾಟು ಮುಚ್ಚುವ ರೂಢಿಯಿದೆ. ತಾಟಿನ ತಂಪಿಗೆ ಒಳಗಿನ ಹಬೆ ಹನಿಯಾಗಿ ಮತ್ತೆ ಕಾಯಿಯ ಮೇಲೇ ಬೀಳುತ್ತದೆ. ತಳ ಹತ್ತುವುದಿಲ್ಲ, ಸೀಳಿನ ಮೂಲಕ ಬಿಸಿ ಒಳಗಿನವರೆಗೂ ಮುಟ್ಟುತ್ತದೆ.

ಹೆಚ್ಚಿದ ಬದನೆ ಕಪ್ಪಾಗಲು ಅದರಲ್ಲಿರುವ ಕ್ಲೋರೊಜೆನಿಕ್ ಆಮ್ಲ ಮತ್ತು ಕಿಣ್ವಗಳು ಗಾಳಿಯೊಡನೆ ಸೇರುವುದೇ ಕಾರಣ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಅದು ನಿಧಾನವಾಗುತ್ತದೆ. ಆದರೆ ಬಲಿತು ಬೀಜ ಗಟ್ಟಿಯಾದ ಕಾಯಿಯನ್ನು ಯಾವ ವಿಧಾನವೂ ಎಳೆಯದಾಗಿಸದು. ಕೊಳ್ಳುವಾಗ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಸಿಪ್ಪೆ ಹೊಳೆಯುವ, ಒತ್ತಿದ ಗುರುತು ತಕ್ಷಣ ಮಾಯವಾಗುವ ಕಾಯಿಯನ್ನೇ ಆರಿಸಿಕೊಳ್ಳಬೇಕು.