ಮದ್ದಿನ ಮಾತ್ರೆ ಮೀರಿದಾಗ

ಛಂದಸ್ಸಿನಲ್ಲಿ ಮಾತ್ರೆಯೊಂದು ಹೆಚ್ಚಾದರೆ ಪದ್ಯವಷ್ಟೇ ಎಡವುತ್ತದೆ. ವೈದ್ಯರು ಕೊಡುವ ಮಾತ್ರೆಗೂ ಅಳತೆಯೆಂದೇ ಅರ್ಥ. ಆದರೆ ಅದು ಮೀರಿದರೆ ಪ್ರಾಣಕ್ಕೇ ಸಂಚಕಾರ.

ಖಿನ್ನತೆಯ ಮದ್ದುಗಳಲ್ಲಿ ಹಳೆಯದು ಇಮಿಪ್ರಮಿನ್. ಸ್ವಿಟ್ಜರ್‌ಲೆಂಡಿನ ವೈದ್ಯ ರೋಲಾಂಡ್ ಕುನ್ ಅವರು 1957ರಲ್ಲಿ ಇದರ ಗುಣವನ್ನು ಲೋಕಕ್ಕೆ ತಿಳಿಸಿದರು. ಅಮಿಟ್ರಿಪ್ಟಿಲಿನ್ ಇದರ ಒಡಹುಟ್ಟು. ‘ನಮ್ಮ ಮನೆಯಲ್ಲಿ ಅಂತಹ ರೋಗಿಗಳಿಲ್ಲ’ ಎಂದು ಪುಟ ಮಗುಚಬೇಡಿ. ನರದ ನೋವಿಗೆ, ಮರಳಿ ಮರಳಿ ಬರುವ ತಲೆನೋವಿಗೆ ಕೂಡ ಇದನ್ನು ಬರೆದುಕೊಡುವುದುಂಟು. ಅಜ್ಜಿಯ ದಿಂಬಿನ ಕೆಳಗೇ ಇದ್ದೀತು, ಅಂಬೆಗಾಲಿಡುವ ಮಗುವಿನ ಕೈಗೆ ಎಟುಕೀತು.

ಹೇಳಿದಷ್ಟೇ ತೆಗೆದುಕೊಂಡರೆ ಇದು ಉಪಕಾರಿ, ಹೆದರಿ ಬಿಡಬೇಕಾದುದಿಲ್ಲ. ಮಿತಿಮೀರಿದರೆ ಮಾತ್ರ ಹೃದಯದ ಮೇಲೆಯೇ ಎರಗುತ್ತದೆ. ಹೃದಯದ ಜೀವಕಣಗಳೊಳಕ್ಕೆ ಸೋಡಿಯಂ ಹರಿಯಲು ಸಣ್ಣ ಬಾಗಿಲುಗಳಿವೆ. ಮದ್ದು ಅವನ್ನು ಅಡ್ಡಗಟ್ಟುತ್ತದೆ. ಬಡಿತದ ಲಯ ಕೆಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೊರಗೆ ಕಾಣುವುದು ಒಣಗಿದ ಬಾಯಿ, ಹಿಗ್ಗಿದ ಕಣ್ಣಪಾಪೆ, ಓಡುವ ನಾಡಿ, ತೂಕಡಿಕೆ, ಅಸಂಬದ್ಧ ಮಾತು, ಬಳಿಕ ಸೆಳವು. ಈಗ ಕುಳಿತು ಮಾತನಾಡುತ್ತಿರುವವರು ಒಂದೆರಡು ಗಂಟೆಯೊಳಗೆ ಪ್ರಜ್ಞೆ ತಪ್ಪಿಯಾರು. ‘ಚೆನ್ನಾಗಿಯೇ ಇದ್ದಾನಲ್ಲ, ಬೆಳಗಾಗಲಿ’ ಎಂಬ ಮಾತು ಸಲ್ಲದು.

ಉಪ್ಪುನೀರು, ಹುಣಿಸೆನೀರು ಕುಡಿಸಿ ವಾಂತಿ ಮಾಡಿಸುವ ರೂಢಿ ನಮ್ಮಲ್ಲುಂಟು. ದಯವಿಟ್ಟು ಬೇಡ. ತೂಕಡಿಸುವವನ ವಾಂತಿ ಶ್ವಾಸನಾಳಕ್ಕೆ ಇಳಿದರೆ ಕೇಡಿನ ಮೇಲೆ ಕೇಡು. ಕೂಡಲೇ 108ಕ್ಕೆ ಫೋನು ಮಾಡಿರಿ. ಪ್ರಜ್ಞೆಯಿಲ್ಲದೆ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿರಿ. ಉಳಿದ ಮಾತ್ರೆ, ಖಾಲಿ ಪಟ್ಟಿ, ವೈದ್ಯರ ಚೀಟಿ ಎಲ್ಲವನ್ನೂ ಜೊತೆಗೆ ಒಯ್ಯಿರಿ.

ಆಸ್ಪತ್ರೆಯಲ್ಲಿ ಮೊದಲು ಉಸಿರಾಟವನ್ನು ಕಾಯುತ್ತಾರೆ, ಇ.ಸಿ.ಜಿ. ತೆಗೆಯುತ್ತಾರೆ. ಬೇಗ ಬಂದು ಎಚ್ಚರವಾಗಿರುವವರಿಗೆ ಸಂಸ್ಕರಿಸಿದ ಇದ್ದಿಲಿನ ಪುಡಿ ಕುಡಿಸುವುದುಂಟು. ಹೊಟ್ಟೆಯಲ್ಲಿರುವ ಮದ್ದನ್ನು ಅದು ಹಿಡಿದಿಡುತ್ತದೆ. ಇ.ಸಿ.ಜಿ.ಯಲ್ಲಿ ಬಡಿತದ ಗೆರೆ ಅಗಲವಾಗಿದ್ದರೆ ರಕ್ತನಾಳದ ಮೂಲಕ ಸೋಡಿಯಂ ಬೈಕಾರ್ಬನೇಟ್ ಕೊಡುತ್ತಾರೆ. ಇದು ಅಡುಗೆಸೋಡವೇ ಹೌದು! ಹಾಗೆಂದು ಮನೆಯಲ್ಲಿ ಕಲಸಿ ಕುಡಿಸಿದರೆ ಆ ಗುಣ ಬಾರದು. ಸೆಳವಿಗೆ ಬೇರೆ ಮದ್ದುಂಟು.

ಫ್ಲೂಆಕ್ಸೆಟಿನ್ ಮೊದಲಾದ ಹೊಸ ಮದ್ದುಗಳು ಹೃದಯಕ್ಕೆ ಇಷ್ಟು ಕ್ರೂರವಲ್ಲ. ಆದರೂ ಬೇರೆ ಮದ್ದುಗಳೊಡನೆ ಬೆರೆತರೆ ನಡುಕ, ಬೆವರು, ವಿಪರೀತ ಜ್ವರ ಬರಬಹುದು. ಅವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು.

ಬೇಕೆಂದೇ ನುಂಗಿದವರ ಮನೆಯವರು ಪೋಲೀಸರಿಗೆ ಅಂಜಿ ತಡಮಾಡುವುದುಂಟು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಅಂತಹವರು ತೀವ್ರ ಮನೋವ್ಯಥೆಯಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಆದುದರಿಂದ ವೈದ್ಯರ ಮುಂದೆ ನಿಜವನ್ನೇ ಹೇಳಿರಿ. ಮನಸ್ಸು ಕುಗ್ಗಿದವರು ಟೆಲಿ-ಮಾನಸ್‌ನ 14416ಕ್ಕೆ ಹಗಲಾಗಲಿ ಇರುಳಾಗಲಿ ಫೋನು ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.