ಮಂತ್ರಿಗಿರಿ: ಬರೀ 24 ದಿನ

2019ರ ಜೂನ್ 14. ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ ಕುಮಾರಸ್ವಾಮಿ ಸಂಪುಟ ಸೇರ್ತಾರೆ. ಜುಲೈ 8ಕ್ಕೆ ರಾಜೀನಾಮೆ! ರಾಜಭವನದಲ್ಲಿ ಪತ್ರ ಕೊಟ್ಟವರೇ ವಿಮಾನ ಹತ್ತಿ ಮುಂಬೈಗೆ. ಜತೆಗೇ ಪ್ರಮಾಣವಚನ ತಗೊಂಡಿದ್ದ ರಾಣೆಬೆನ್ನೂರಿನ ಆರ್. ಶಂಕರ್ ಕೂಡ ಅವತ್ತೇ ಹೊರಗೆ.

ಸರ್ಕಾರ ಬಿತ್ತು. ಆಗಸ್ಟ್ 20ಕ್ಕೆ ಯಡಿಯೂರಪ್ಪ ಸಂಪುಟದಲ್ಲಿ ನಾಗೇಶ್ ಮತ್ತೆ ಮಂತ್ರಿ! ಅದೇ ದಿನ ಪ್ರಮಾಣವಚನ ತಗೊಂಡವರು ನಮ್ಮ ಅಥಣಿಯ ಲಕ್ಷ್ಮಣ ಸವದಿ.

ನೀವು ಕೇಳಬಹುದು: 2018ರ ಚುನಾವಣೆಯಲ್ಲಿ ಸೋತ ಸವದಿ ಮಂತ್ರಿ ಹ್ಯಾಗ ಆದ್ರು?

ಸಂವಿಧಾನದ 164(4)ನೇ ವಿಧಿ. ಶಾಸಕರಲ್ಲದವರೂ ಮಂತ್ರಿ ಆಗಬಹುದು. ಆದರೆ ಆರು ತಿಂಗಳೊಳಗೆ ವಿಧಾನಸಭೆಯದೋ ಪರಿಷತ್ತಿನದೋ ಸದಸ್ಯರಾಗಲೇಬೇಕು. ಇಲ್ಲಾಂದ್ರೆ ಕುರ್ಚಿ ಹೋಯ್ತು.

ಆದರೆ ಆಗ ಬಂದ ಅಥಣಿ ಉಪಚುನಾವಣೆಯ ಟಿಕೆಟ್ ಸಿಕ್ಕಿದ್ದು 2018ರಲ್ಲಿ ಸವದಿಯವರನ್ನೇ ಸೋಲಿಸಿದ್ದ ಮಹೇಶ ಕುಮಠಳ್ಳಿಗೆ. ರಾಜಕೀಯ ಅಂದ್ರೆ ಹಿಂಗ! ಸವದಿ ಪರಿಷತ್ತಿಗೆ ಗೆದ್ದಿದ್ದು 2020ರ ಫೆಬ್ರವರಿ 17ಕ್ಕೆ. ಗಡುವು ಮುಗಿಯೋಕೆ ಉಳಿದಿದ್ದು ಎರಡು–ಮೂರು ದಿನ.

ಅಷ್ಟೇ ದಿನದಲ್ಲಿ ಇಡೀ ಸರ್ಕಾರ ಬಂದುಹೋದದ್ದೂ ಉಂಟು. 2018ರ ಮೇ 17ರ ಬೆಳಿಗ್ಗೆ ಯಡಿಯೂರಪ್ಪ ಪ್ರಮಾಣವಚನ. 19ರ ಸಂಜೆ, ವಿಶ್ವಾಸಮತಕ್ಕೂ ಮುಂಚೆ, ರಾಜೀನಾಮೆ. ಆ ಸಂಪುಟದಲ್ಲಿ ಮುಖ್ಯಮಂತ್ರಿ ಬಿಟ್ಟು ಬೇರೆ ಒಬ್ಬ ಮಂತ್ರಿಯೂ ಇರಲಿಲ್ಲ.