ಮಳೆಯ ರಜೆ

ಆಷಾಢದ ಮಳೆ ಕಡಲಿನಿಂದೆದ್ದು ಸಹ್ಯಾದ್ರಿಗೆ ಅಪ್ಪಳಿಸುವ ದಿನಗಳಲ್ಲಿ ಕಾರವಾರ, ಅಂಕೋಲೆಗಳ ಮನೆಮನೆಯಲ್ಲೂ ಮಕ್ಕಳು ಕೇಳುವ ಪ್ರಶ್ನೆ ಒಂದೇ: “ನಾಳೆ ಶಾಲೆಗೆ ರಜೆಯೇ?” ಮಕ್ಕಳಿಗಿದು ಸಂತೋಷದ ಮಾತು, ಹಿರಿಯರಿಗೆ ವಿಚಾರ ಮಾಡಬೇಕಾದ ಮಾತು.

ಇಪ್ಪತ್ತನಾಲ್ಕು ಗಂಟೆಗಳಲ್ಲಿ 204.4 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಸಂಭವವಿದ್ದರೆ ಹವಾಮಾನ ಇಲಾಖೆ ಸಾಮಾನ್ಯವಾಗಿ ಕೆಂಪು ಎಚ್ಚರಿಕೆ ನೀಡುತ್ತದೆ. ಜಿಲ್ಲಾಧಿಕಾರಿಗಳು ತಾಲೂಕುವಾರು ರಜೆ ಸಾರುತ್ತಾರೆ. ಇದು ಯೋಗ್ಯವೇ. ಏಕೆಂದರೆ ಅಪಾಯವು ಶಾಲೆಗಿಂತ ಹೆಚ್ಚಾಗಿ ಶಾಲೆಯ ದಾರಿಯಲ್ಲಿದೆ: ತುಂಬಿದ ಹಳ್ಳ, ಪಾಚಿಗಟ್ಟಿದ ಕಾಲುಸಂಕ, ಕಡಿದ ಗುಡ್ಡದ ಅಂಚು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದುದು ಬೆಳಗಿನ ವೇಳೆ, ಮಕ್ಕಳು ಪಾಟೀಚೀಲ ಹೊತ್ತು ಹೊರಡುವ ವೇಳೆ. ಗಂಗಾವಳಿಯ ನೀರು ಉಕ್ಕಿ ಆಚೆ ದಡದ ಉಳುವರೆಗೂ ನುಗ್ಗಿತು.

ಆದರೆ ರಜೆಗೂ ಬೆಲೆಯುಂಟು. ಶಾಲೆ ಮುಚ್ಚಿದ ದಿನ ಬಿಸಿಯೂಟವಿಲ್ಲ. ಕೂಲಿಗೆ ಹೋದ ತಾಯಿಯ ಮಗು ಮನೆಯಲ್ಲಿ ಒಂಟಿ, ಅಂಗಳದಾಚೆಯೇ ಹೊಳೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕು. ಕಳೆದ ದಿನಗಳನ್ನು ಬಿಡುವಿನ ದಿನಗಳಲ್ಲಿ ತುಂಬಬೇಕಾಗುತ್ತದೆ.

ಆದುದರಿಂದ ಪೇಟೆಯ ಶಾಲೆಗೂ ಹಳ್ಳ ದಾಟಿ ಹೋಗುವ ಶಾಲೆಗೂ ಒಂದೇ ಅಳತೆ ಸಲ್ಲದು. ತೀರ್ಮಾನ ಹಿಂದಿನ ಸಂಜೆಯೇ ತಿಳಿಯಲಿ. ಮಕ್ಕಳ ದಾರಿಯನ್ನು ಬಲ್ಲ ಮುಖ್ಯೋಪಾಧ್ಯಾಯರ ಮಾತಿಗೆ ಮನ್ನಣೆಯಿರಲಿ. ಬೇಸಗೆಯಲ್ಲಿಯೇ ಸಂಕಗಳು ಭದ್ರವಾಗಲಿ. ಗಟ್ಟಿಯಾದ ಒಂದು ಸಂಕ ಎಷ್ಟೋ ರಜೆಗಳನ್ನು ಉಳಿಸೀತು.